ಕಪ್ ನಮ್ದಾಯ್ತು, ಅದಕ್ಕೇ ಲೆಕ್ಕ ಕೇಳಬಾರದಾ?

ಆರ್‌ಸಿಬಿ ಗೆದ್ದಮೇಲೆ ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ. ಯಾವ ಪ್ರಶ್ನೆ ಆದ್ರೂ ಪರವಾಗಿಲ್ಲ, ಉತ್ತರ ಮಾತ್ರ ಒಂದೇ. ಹರಾಜಿನಲ್ಲಿ ನಮ್ಮ ಹುಡುಗರನ್ನ ಯಾಕೆ ಬಿಟ್ರು? "ಗೆದ್ವಲ್ಲ!" ಚಿನ್ನಸ್ವಾಮಿಯಲ್ಲಿ ಆಡಿದ ಮೊದಲ ಮೂರು ಪಂದ್ಯನೂ ಯಾಕೆ ಸೋತ್ರು? "ಗೆದ್ವಲ್ಲ!" ಮಾರನೇ ದಿನವೇ ವಿಜಯೋತ್ಸವ ಮಾಡಬೇಕು ಅಂತ ತೀರ್ಮಾನ ಮಾಡಿದ್ದು ಯಾರು?.... ಇಲ್ಲಿಗೆ ಬಂದಾಗ ಮಾತ್ರ ಒಂದು ನಿಮಿಷ ಮೌನ. ಆಮೇಲೆ ಮೆಲ್ಲಗೆ, "ಬಿಡೋ, ಆಗಿದ್ದು ಆಗೋಯ್ತು. ಕಪ್ ಬಂತಲ್ಲ, ಇನ್ನೇನ್ ಬೇಕು ನಿಂಗೆ?"

ಇನ್ನೇನ್ ಬೇಕು ಅಂತ ಹೇಳೋಕೇ ಇವತ್ತು ಕೂತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ಬೇರೆಯವರ ಗೆಲುವು ಕಂಡು ಹೊಟ್ಟೆ ಉರ್ಕೊಳ್ಳೋ ಜಾತಿ ನಂದಲ್ಲ. ಇದು ಬೇರೆಯವರ ಗೆಲುವೂ ಅಲ್ಲ. ನಾನು ಅರಸೀಕೆರೆಯವನು, ಕ್ರಿಕೆಟ್ ಬಗ್ಗೆ ಬಾಯಿ ಹಾಕೋ ಹಕ್ಕು ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿನೇ ಇದೆ ಅಂತ ನನ್ನ ನಂಬಿಕೆ. ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ, 1971ರಲ್ಲಿ. ಬಾಣಾವರದಿಂದ ಹಳೇಬೀಡಿನ ಕಡೆ ಹೊರಟರೆ ದಾರೀಲಿ ಸಿಗೋದೇ ಜಾವಗಲ್. ಶ್ರೀನಾಥ್ ಹೆಸರಿನ ಮುಂದೆ ಇರೋ ಊರು. ಇಡೀ ದೇಶ ಅದನ್ನ ಅವರ ಹೆಸರು ಅಂದ್ಕೊಂಡಿತ್ತು. ಅದು ಊರು ಕಣ್ರೀ! ಅಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, ಬಸ್ ಸ್ಟ್ಯಾಂಡ್ ಇದೆ, ತೆಂಗಿನ ತೋಟ ಇದೆ. ಒಂದು ತಾಲ್ಲೂಕು ಭಾರತದ ಟೆಸ್ಟ್ ತಂಡಕ್ಕೆ ಇಬ್ಬರು ವೇಗದ ಬೌಲರುಗಳ ಹೆಸರು ಕೊಟ್ಟಿದೆ ಅಂದ್ರೆ ತಮಾಷೆನಾ?

ಈಗ ಫೈನಲ್ ವಿಷಯ. 2025ರ ಜೂನ್ 3, ಅಹಮದಾಬಾದ್. ಟಾಸ್ ಸೋತು ಮೊದಲು ಬ್ಯಾಟಿಂಗ್, 9 ವಿಕೆಟ್‌ಗೆ 190. ಒಬ್ಬರದೂ ಅರ್ಧ ಶತಕ ಇಲ್ಲ. ಕೊಹ್ಲಿ 35 ಎಸೆತಕ್ಕೆ 43, ಅದೇ ಜಾಸ್ತಿ. ಜಿತೇಶ್ 10 ಎಸೆತಕ್ಕೆ 24 ಹೊಡೆದಿದ್ದಕ್ಕೆ ಅಷ್ಟಾದರೂ ಆಯ್ತು. ಕೊನೇ ಓವರಿನಲ್ಲಿ ಅರ್ಷದೀಪ್ ಮೂರು ವಿಕೆಟ್ ಕಿತ್ತಾಗ "ಇಪ್ಪತ್ತು ರನ್ ಕಮ್ಮಿ ಆಯ್ತು, ಮುಗೀತು ಕಥೆ" ಅಂತ ಟಿವಿ ಮುಂದಿದ್ದ ಅರ್ಧ ಜನ ಎದ್ದಿದ್ದರು. ಆಮೇಲೆ ನಡೆದಿದ್ದು ಬೌಲಿಂಗ್. ಕೃಣಾಲ್ ಪಾಂಡ್ಯ 4 ಓವರಿಗೆ 17 ರನ್, 2 ವಿಕೆಟ್. ಶ್ರೇಯಸ್ ಅಯ್ಯರ್ ಒಂದೇ ರನ್ನಿಗೆ ಶೆಫರ್ಡ್ ಕೈಗೆ ಸಿಕ್ಕರು. ಭುವನೇಶ್ವರ್ ಒಂದೇ ಓವರಿನಲ್ಲಿ ವಧೇರಾ, ಸ್ಟಾಯ್ನಿಸ್ ಇಬ್ಬರನ್ನೂ ಕಳಿಸಿದರು. ಕೊನೇ ಓವರಿಗೆ 29 ಬೇಕಿತ್ತು. ಹೇಜಲ್‌ವುಡ್ ಹಾಕಿದ ಮೊದಲ ಎರಡು ಬಾಲು ಖಾಲಿ. ಅಲ್ಲಿಗೆ ಮ್ಯಾಚ್ ಮುಗಿದಿತ್ತು. ಆಮೇಲೆ ಶಶಾಂಕ್ ಸಿಂಗ್ 6, 4, 6, 6 ಹೊಡೆದು 61 ರನ್ ಮಾಡಿ ನಿಂತ್ಕೊಂಡ. 6 ರನ್ನಿನ ಗೆಲುವು. ಕೊಹ್ಲಿ ಕಣ್ಣೀರು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನಿಲ್ಲ. ಹದಿನೆಂಟು ಸೀಸನ್ ಸ್ವಾಮೀ.

6 ರನ್ ಅಂದಾಗ ಹಳೇ ಅಭಿಮಾನಿಗಳಿಗೆ ಇನ್ನೊಂದು ನೆನಪಾಗಿರಬೇಕು. 2009ರ ಮೇ 24, ಜೊಹಾನ್ಸ್‌ಬರ್ಗ್. ಡೆಕ್ಕನ್ ಚಾರ್ಜರ್ಸ್ 143, ನಾವು 137. ಅದೇ 6 ರನ್, ಆದರೆ ಉಲ್ಟಾ. ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದು, ಸೋತ ತಂಡದ ನಾಯಕ ಆಗಿದ್ದೂ ಪಂದ್ಯಪುರುಷ ಆದರು. ಅವತ್ತಿನ ಹನ್ನೊಂದರಲ್ಲಿ ಕುಂಬ್ಳೆ, ದ್ರಾವಿಡ್, ಉತ್ತಪ್ಪ, ಮನೀಶ್ ಪಾಂಡೆ, ವಿನಯ್ ಕುಮಾರ್.... ಐದು ಜನ ಕರ್ನಾಟಕದವರು. 2025ರ ಫೈನಲ್ಲಿನಲ್ಲಿ ಎಷ್ಟು? ಒಬ್ಬರು. ಮಯಾಂಕ್ ಅಗರ್ವಾಲ್. ಅವರೂ ಹರಾಜಿನಲ್ಲಿ ಬೇಕು ಅಂತ ತಗೊಂಡವರಲ್ಲ. ದೇವದತ್ತ ಪಡಿಕ್ಕಲ್‌ಗೆ ಗಾಯ ಆಯ್ತು ಅಂತ ಮೇ ತಿಂಗಳಲ್ಲಿ ಬದಲಿಯಾಗಿ ಕರೆಸಿದ್ದು. ಬಂದವರು ಫೈನಲ್ಲಿನಲ್ಲಿ 18 ಎಸೆತಕ್ಕೆ 24 ಹೊಡೆದರು. ಗೆಲುವಿನ ಅಂತರ 6 ಅನ್ನೋದನ್ನ ಪಕ್ಕದಲ್ಲಿಟ್ಟು ಆ 24ನ್ನ ನೋಡಿ.

ಇಲ್ಲಿ ತಕ್ಷಣ ಒಬ್ಬ ಬರ್ತಾನೆ. "ಅಣ್ಣಾ, ಇದು ರಣಜಿ ಅಲ್ಲ, ಫ್ರಾಂಚೈಸಿ. ಕನ್ನಡದವರು ಅಂತ ನೋಡಿ ತಗೊಂಡ್ರೆ ಕಪ್ ಬರುತ್ತಾ? 2009ರಲ್ಲಿ ಐದು ಜನ ಇದ್ರೂ ಸೋತ್ವಿ, 2025ರಲ್ಲಿ ಒಬ್ಬರಿದ್ರು, ಗೆದ್ವಿ." ಕೇಳೋಕೆ ಎಷ್ಟು ಚೆನ್ನಾಗಿದೆ! ಈ ತರ್ಕವನ್ನೇ ಸ್ವಲ್ಪ ಎಳೆದರೆ, ಆ ಒಬ್ಬರೂ ಇಲ್ಲದಿದ್ದರೆ ಇನ್ನೂ ಸುಲಭವಾಗಿ ಗೆಲ್ತಿದ್ವಿ ಅಂತಾಗುತ್ತೆ.

ಹೊರಗಿನವರು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಬೇಲೂರಿಗೆ ಹೋಗಿ ನೋಡಿ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನ ಗೆದ್ದ ನೆನಪಿಗೆ ವಿಜಯನಾರಾಯಣನ ಗುಡಿ ಕಟ್ಟಿಸಿದ ಅಂತ ನಮ್ಮ ಕಡೆ ಹೇಳ್ತಾರೆ, 1117ರಲ್ಲಿ. (ಗೆದ್ದ ಮಾರನೇ ದಿನವೇ ಉದ್ಘಾಟನೆ ಮಾಡಲಿಲ್ಲ ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.) ಕೆತ್ತೋಕೆ ಬಳ್ಳಿಗಾವೆಯಿಂದ ದಾಸೋಜ ಬಂದ, ಅವನ ಮಗ ಚಾವಣ ಬಂದ. ಅವರೇನು ಬೇಲೂರಿನವರಲ್ಲ. ಆದರೆ ಕೆತ್ತಿದ ವಿಗ್ರಹದ ಕೆಳಗೆ ತಮ್ಮ ಹೆಸರು, ಊರು, ಬಿರುದು ಎಲ್ಲಾ ಕೊರೆದು ಹೋದರು. ಒಳ್ಳೇ ಕೆಲಸಗಾರ ಎಲ್ಲಿಂದ ಬಂದರೂ ಬರಲಿ. ಹೇಜಲ್‌ವುಡ್ ಬರಲಿ, ಸಾಲ್ಟ್ ಬರಲಿ. ಮೋ ಬೊಬಾಟ್, ಆಂಡಿ ಫ್ಲವರ್ ಅವರಿಗೆ ಕನ್ನಡ ಬರಬೇಕು ಅಂತಾನೂ ನನ್ನ ಹಟ ಇಲ್ಲ. ಜೆಡ್ಡಾದ ಹರಾಜಿನಲ್ಲಿ ಅವರು ಮಾಡಿದ ಕೆಲಸವನ್ನ ನಾನು ಹೊಗಳೋಕೂ ತಯಾರು. ಹೊಗಳ್ತೀನಿ ಕೇಳಿ.

2024ರ ನವೆಂಬರ್ 24 ಮತ್ತು 25. ಕೈಯಲ್ಲಿ 83 ಕೋಟಿ. ಆರ್‌ಸಿಬಿ ಅಂದ್ರೆ ಮೇಲಿನ ಮೂವರು ಬ್ಯಾಟ್ಸ್‌ಮನ್‌ಗಳಿಗೆ ದುಡ್ಡೆಲ್ಲ ಸುರಿದು, ಬೌಲಿಂಗ್‌ಗೆ ಉಳಿದ ಚಿಲ್ಲರೆ ಹಾಕೋ ತಂಡ ಅನ್ನೋದು ಲೋಕಕ್ಕೇ ಗೊತ್ತಿತ್ತು. 2016ರ ಫೈನಲ್ ನೆನಪಿದೆಯಾ? ಚಿನ್ನಸ್ವಾಮಿಯಲ್ಲೇ ಹೈದರಾಬಾದಿಗೆ 208 ಕೊಟ್ಟು, 200ಕ್ಕೆ ನಿಂತ್ವಿ. ಈ ಸಲ ಆ ರೋಗಕ್ಕೆ ಮದ್ದು ಹುಡುಕಿದರು. ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75, ಕೃಣಾಲ್‌ಗೆ 5.75, ಸುಯಶ್ ಶರ್ಮಾಗೆ 2.6. ಸಿರಾಜ್‌ನ ಬಿಟ್ಟರು, ಅಷ್ಟು ವರ್ಷ ಜೊತೆಗಿದ್ದ ಹುಡುಗ. ಮ್ಯಾಕ್ಸ್‌ವೆಲ್, ಡುಪ್ಲೆಸಿ ಹೋದರು. ವಿಲ್ ಜಾಕ್ಸ್‌ನ ವಾಪಸ್ ಪಡೆಯೋ ಅವಕಾಶ ಇದ್ರೂ ಸುಮ್ಮನಿದ್ದರು. ಊರೆಲ್ಲ ಬಯ್ತು. ಅವರು ಅಲುಗಾಡಲಿಲ್ಲ. ರಜತ್ ಪಾಟೀದಾರ್‌ನ ನಾಯಕ ಮಾಡಿದರು. ತವರಿನಾಚೆ ಲೀಗಿನ ಏಳಕ್ಕೆ ಏಳೂ ಪಂದ್ಯ ಗೆದ್ದರು, ಐಪಿಎಲ್‌ನಲ್ಲಿ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ. ಮುಲ್ಲನ್‌ಪುರದ ಮೊದಲ ಕ್ವಾಲಿಫೈಯರ್‌ನಲ್ಲಿ ಪಂಜಾಬನ್ನ 101ಕ್ಕೆ ಮುಗಿಸಿ 10 ಓವರಿನಲ್ಲಿ ಮನೆಗೆ ಕಳಿಸಿದರು. ಇದು ಅದೃಷ್ಟ ಅಲ್ಲ, ಲೆಕ್ಕ. ಬೌಲರುಗಳನ್ನ ಕೊಂಡರು, ಬೌಲರುಗಳು ಗೆಲ್ಲಿಸಿದರು. ಫೈನಲ್ಲಿನಲ್ಲೂ 190 ಕಾಯ್ದಿದ್ದು ಅದೇ ದುಡ್ಡು. ಶಹಬ್ಬಾಸ್.

ನಮ್ಮ ಕಡೆ ಇದಕ್ಕೆ ಒಂದು ಹಳೇ ಉದಾಹರಣೆ ಇದೆ. ಬೇಲೂರು, ಹಳೇಬೀಡಿನಲ್ಲಿ ಹುಲಿ ಜೊತೆ (ಸಿಂಹ ಅನ್ನೋರೂ ಇದ್ದಾರೆ, ಆ ಜಗಳ ಬೇರೆ) ಹೋರಾಡೋ ಸಳನ ವಿಗ್ರಹ ನೋಡಿದ್ದೀರಲ್ಲ? ಎಲ್ಲರೂ ಸಳನ ಶೌರ್ಯ ಹೊಗಳ್ತಾರೆ. ನನಗೆ ಇಷ್ಟ ಆಗೋದು ಆ ಸುದತ್ತ ಮುನಿ. ಮೃಗ ಮೇಲೆ ಬೀಳ್ತಿದೆ, ಗುರುಗಳು ಭಾಷಣ ಮಾಡಲಿಲ್ಲ, "ಹೊಯ್ ಸಳ" ಅಂದರು, ಅಷ್ಟೇ. ಕರ್ನಾಟಕದ ಮೊದಲ ಕೋಚ್ ಅಂದ್ರೆ ಅವರೇ. ಸರಿಯಾದ ಹೊತ್ತಿಗೆ, ಸರಿಯಾದ ಹುಡುಗನಿಗೆ, ಎರಡೇ ಮಾತು. ಈ ಸಲ ಆರ್‌ಸಿಬಿಯವರಿಗೂ ಅದು ಬಂತು ಅನ್ನೋಣ. ("ಈ ಸಲ"ಕ್ಕೂ ಸಳನಿಗೂ ಸಂಬಂಧ ಕಲ್ಪಿಸಿ ಹಳೇಬೀಡಿನ ಹುಡುಗರು ಬೇಜಾನ್ ಜೋಕ್ ಮಾಡಿದ್ದಾರೆ, ನಾನು ಮತ್ತೆ ಹೇಳಲ್ಲ.)

ಹೊಗಳಿದ್ದಾಯ್ತು. ಈಗ ಆ ಹರಾಜಿನ ಚೀಟಿಯ ಇನ್ನೊಂದು ಮಗ್ಗುಲು ನೋಡೋಣ.

ವೈಶಾಖ್ ವಿಜಯಕುಮಾರ್ ನಮ್ಮ ಹುಡುಗ, 2023, 2024ರಲ್ಲಿ ಆರ್‌ಸಿಬಿಗೇ ಆಡಿದವನು. ಪಂಜಾಬ್ 1.8 ಕೋಟಿಗೆ ತಗೊಳ್ತು. ಫೈನಲ್ಲಿನಲ್ಲಿ ನಮ್ಮ ವಿರುದ್ಧ ಬೌಲ್ ಮಾಡಿದ. ಅದೇ ಹರಾಜಿನಲ್ಲಿ ಆರ್‌ಸಿಬಿ ರಸಿಖ್ ದಾರ್ ಅನ್ನೋ ವೇಗಿಗೆ 6 ಕೋಟಿ ಕೊಟ್ಟಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಆದರೆ 2025ರ ಸೀಸನ್ನಿನಲ್ಲಿ ಅವನು ಮೈದಾನಕ್ಕೆ ಇಳಿದಿದ್ದು ಬೆರಳೆಣಿಕೆಯಷ್ಟು ಸಲ ಕೂಡ ಅಲ್ಲ. ಪ್ರಸಿದ್ಧ್ ಕೃಷ್ಣ ಗುಜರಾತಿಗೆ ಹೋಗಿ 25 ವಿಕೆಟ್ ತೆಗೆದು ಆ ವರ್ಷದ ನೇರಳೆ ಟೋಪಿ ಹಾಕ್ಕೊಂಡರು. ಕರುಣ್ ನಾಯರ್‌ನ ಡೆಲ್ಲಿ ಬರೀ 50 ಲಕ್ಷಕ್ಕೆ ತಗೊಂಡು, ಮುಂಬೈ ಮೇಲೆ 40 ಎಸೆತಕ್ಕೆ 89 ಹೊಡೆಸಿತು. ಅಭಿನವ್ ಮನೋಹರ್ ಹೈದರಾಬಾದ್, ಮನೀಶ್ ಪಾಂಡೆ ಕೋಲ್ಕತ್ತ, ಶ್ರೇಯಸ್ ಗೋಪಾಲ್ ಚೆನ್ನೈ. ಆರ್‌ಸಿಬಿ ಪಾಲಿಗೆ ಪಡಿಕ್ಕಲ್ ಮತ್ತು ಮನೋಜ್ ಭಾಂಡಗೆ. ಪಡಿಕ್ಕಲ್ ಮೊದಲ ಸುತ್ತಿನಲ್ಲಿ ಯಾರಿಗೂ ಬೇಡ ಆಗಿ, ಆಮೇಲೆ ಮೂಲಬೆಲೆ 2 ಕೋಟಿಗೆ ಸಿಕ್ಕವರು. ಗಾಯ ಆಗೋ ಮುಂಚೆ 10 ಪಂದ್ಯದಲ್ಲಿ 247 ರನ್ ಮಾಡಿದರು. 2 ಕೋಟಿಗೆ ಇಷ್ಟು, ಇನ್ನೇನು ಬೇಕು ಹೇಳಿ?

ರಾಹುಲ್ ವಿಷಯ ಬೇರೆ. 14 ಕೋಟಿಗೆ ಡೆಲ್ಲಿ ತಗೊಂಡಿತು, ನಮ್ಮವರು ಸ್ವಲ್ಪ ದೂರ ಕೂಗಿ ಕೈಬಿಟ್ಟರು. ಆ ದುಡ್ಡು ಬೌಲರುಗಳಿಗೆ ಹೋಯ್ತು ಅನ್ನೋ ವಾದವನ್ನ ನಾನು ಒಪ್ತೀನಿ. ಆದರೂ ಏಪ್ರಿಲ್ 10ರ ರಾತ್ರಿ ಚಿನ್ನಸ್ವಾಮಿಯಲ್ಲಿ 53 ಎಸೆತಕ್ಕೆ 93 ಹೊಡೆದು, ಬ್ಯಾಟಿನಲ್ಲಿ ನೆಲದ ಮೇಲೆ ವೃತ್ತ ಎಳೆದು, 'ಕಾಂತಾರ'ದ ಹಾಗೆ ಬ್ಯಾಟ್ ಊರಿ "ಇದು ನನ್ನ ಜಾಗ" ಅಂತ ಎದೆ ತೋರಿಸಿದಾಗ ಚಪ್ಪಾಳೆ ಹೊಡೆಯೋದೋ ಬಯ್ಯೋದೋ ಗೊತ್ತಾಗದೆ ಇಡೀ ಕರ್ನಾಟಕ ಕೈ ಹಿಸುಕಿಕೊಳ್ತು. ನಮ್ಮ ಮನೇಲೂ ಅದೇ ಗತಿ. ಅಪ್ಪ ಚಪ್ಪಾಳೆ ಹೊಡೆದರು, ನಾನು ಸುಮ್ಮನಿದ್ದೆ.

ಮೀಸಲಾತಿ ಕೊಡಿ ಅಂತ ನಾನು ಕೇಳ್ತಿಲ್ಲ. 2008ರಲ್ಲಿ ಐಪಿಎಲ್ ಶುರುವಾದಾಗ ಆಯಾ ಊರಿನ ಸುತ್ತಿನ ಆಟಗಾರರು ಇಂತಿಷ್ಟು ಇರಬೇಕು ಅಂತ ನಿಯಮವೇ ಇತ್ತು, ಆಮೇಲೆ ಅದು ಹೋಯ್ತು. ಹೋಗಲಿ. ನಾನು ಕೇಳ್ತಿರೋದು ಇಷ್ಟೇ: ಒಂದೇ ಗುಣಮಟ್ಟದ ಇಬ್ಬರು ಇದ್ದಾಗ, ಅದರಲ್ಲೂ ನಮ್ಮವನು ಕಮ್ಮಿ ರೇಟಿಗೆ ಸಿಗ್ತಿದ್ದಾಗ, ಪಕ್ಕದ ಮನೆಯವನನ್ನ ಬಿಟ್ಟು ದೂರದವನನ್ನ ಹುಡುಕಿದ್ದು ಯಾವ ಲೆಕ್ಕ? ವರ್ಷಾ ವರ್ಷಾ ಮಹಾರಾಜ ಟ್ರೋಫಿ ನಡೆಯೋದು ಇವರ ಮೂಗಿನ ಕೆಳಗೆ. ಮುಂಬೈ, ಗುಜರಾತಿನವರು ಬಂದು ಇಲ್ಲಿಯ ಹುಡುಗರನ್ನ ಆರಿಸ್ಕೊಂಡು ಹೋಗ್ತಾರೆ. ನಮ್ಮ ತಂಡಕ್ಕೆ ಹೆಸರಿನಲ್ಲಿ ಮಾತ್ರ ಬೆಂಗಳೂರು ಸಾಕು. ಆ ಹೆಸರನ್ನ ಕೂಡ ಸರಿಯಾಗಿ ಬರೆಯೋಕೆ 2024ರ ಮಾರ್ಚ್ ತನಕ ಟೈಮ್ ಬೇಕಾಯ್ತು. ಅದೇ ವರ್ಷ ನವೆಂಬರಿನಲ್ಲಿ ಹಿಂದಿಯಲ್ಲಿ ಒಂದು ಹೊಸ ಖಾತೆ ತೆರೆದು ಜನರ ಬಾಯಿಗೂ ಬಿದ್ದರು.

"ಗೆದ್ದ ಮೇಲೆ ಎಲ್ಲಾ ತೀರ್ಮಾನನೂ ಸರಿ" ಅನ್ನೋರಿಗೆ ನಮ್ಮ ತಾಲ್ಲೂಕಿನ ಎರಡು ಕಥೆ ಹೇಳ್ತೀನಿ.

1999ರ ಫೆಬ್ರವರಿ, ಈಡನ್ ಗಾರ್ಡನ್ಸ್, ಪಾಕಿಸ್ತಾನದ ಮೇಲೆ ಟೆಸ್ಟ್. ಶ್ರೀನಾಥ್ ಮೊದಲ ಇನ್ನಿಂಗ್ಸಿನಲ್ಲಿ 5, ಎರಡನೇದರಲ್ಲಿ 86ಕ್ಕೆ 8. ಒಟ್ಟು 13 ವಿಕೆಟ್. ಭಾರತ 46 ರನ್ನಿಗೆ ಸೋತಿತು. ಈಗ ಹೇಳಿ, ಆ 13 ವಿಕೆಟ್ ತಪ್ಪಾ? ಅವರಿಗೆ ಬಾಲು ಕೊಟ್ಟಿದ್ದು ತಪ್ಪಾ? ಫಲಿತಾಂಶ ನೋಡಿ ಕೆಲಸಕ್ಕೆ ಮಾರ್ಕ್ಸ್ ಹಾಕೋದಾದ್ರೆ ಅವತ್ತು ಶ್ರೀನಾಥ್ ಫೇಲ್.

ಇನ್ನೊಂದು ಜಾನ್ಸನ್ ಕಥೆ. 1996ರ ಅಕ್ಟೋಬರ್, ದೆಹಲಿಯಲ್ಲಿ ಆಸ್ಟ್ರೇಲಿಯಾ ಮೇಲೆ ಟೆಸ್ಟ್. ಜಾವಗಲ್‌ನವರಿಗೆ ಗಾಯ, ಅರಸೀಕೆರೆಯವರಿಗೆ ಚಾನ್ಸ್! ಕುಂಬ್ಳೆ, ದ್ರಾವಿಡ್, ಪ್ರಸಾದ್ ಜೊತೆ ನಮ್ಮ ಊರಿನಲ್ಲಿ ಹುಟ್ಟಿದ ಮನುಷ್ಯ ಭಾರತದ ಟೋಪಿ ಹಾಕ್ಕೊಂಡು ಓಡಿ ಬಂದು ಸ್ಲೇಟರ್‌ನ ಔಟ್ ಮಾಡಿದರು. ಭಾರತ 7 ವಿಕೆಟ್‌ನಿಂದ ಗೆದ್ದಿತು. ಎರಡನೇ ಟೆಸ್ಟ್ ಸಿಕ್ಕಿದ್ದು ಡಿಸೆಂಬರಿನಲ್ಲಿ ಡರ್ಬನ್‌ನಲ್ಲಿ. ಅಲ್ಲಿ ಗಿಬ್ಸ್ ಮತ್ತು ಮೆಕ್‌ಮಿಲನ್ ವಿಕೆಟ್ ತೆಗೆದರು. ಆದರೆ ಭಾರತ 100 ಮತ್ತು 66ಕ್ಕೆ ಆಲೌಟ್. ಮುಂದಿನ ಟೆಸ್ಟಿಗೆ ಜಾನ್ಸನ್ ಹೊರಗೆ, ಆಮೇಲೆ ಮತ್ತೆ ಕರೆ ಬರಲೇ ಇಲ್ಲ. ಎರಡು ಟೆಸ್ಟ್, ಮೂರು ವಿಕೆಟ್, ಮುಗೀತು. 66ಕ್ಕೆ ಆಲೌಟ್ ಆಗಿದ್ದು ಬ್ಯಾಟ್ಸ್‌ಮನ್‌ಗಳು ಸ್ವಾಮೀ! (ಅವರ ಜಾಗಕ್ಕೆ ಬಂದಿದ್ದು ನಮ್ಮ ದೊಡ್ಡ ಗಣೇಶ್, ಹಾಗಾಗಿ ಇದನ್ನ ಕನ್ನಡದವರಿಗೆ ಆದ ಅನ್ಯಾಯ ಅಂತ ನಾನು ಹೇಳ್ತಿಲ್ಲ.) ಸೋತ ಮೇಲೆ ಕೈಗೆ ಸಿಕ್ಕವನನ್ನ ಬಲಿ ಕೊಡೋದು, ಗೆದ್ದ ಮೇಲೆ ಮಾಡಿದ್ದೆಲ್ಲಾ ಸರಿ ಅನ್ನೋದು, ಎರಡೂ ಒಂದೇ ಕಾಯಿಲೆ. ಜಾನ್ಸನ್ 2024ರ ಜೂನ್ 20ರಂದು ತೀರಿಕೊಂಡಾಗ ಟಿವಿಯವರಿಗೆಲ್ಲ ಅರಸೀಕೆರೆ ಒಂದು ದಿನದ ಮಟ್ಟಿಗೆ ನೆನಪಾಯ್ತು. ಅವರಿಗೆ ಬರೀ 52 ವರ್ಷ.

ಆರ್‌ಸಿಬಿಗೂ ಈ ಕಾಯಿಲೆ ಹುಟ್ಟಿನಿಂದ ಇದೆ. 2008ರಲ್ಲಿ ಎಂಟು ತಂಡದಲ್ಲಿ ಏಳನೆಯವರಾದಾಗ ಆಗಿನ ಮಾಲೀಕ ಮಲ್ಯ ಸೀಸನ್ ಮುಗಿಯೋ ಮುಂಚೆಯೇ ಸಿಇಒ ಚಾರು ಶರ್ಮಾರನ್ನ ಮನೆಗೆ ಕಳಿಸಿದರು, ದ್ರಾವಿಡ್ ಮಾಡಿದ ಆಯ್ಕೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ನಮ್ಮ ದ್ರಾವಿಡ್ ಬಗ್ಗೆ! ಅದನ್ನ ನಾನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. "ಹದಿನೆಂಟು ವರ್ಷ ಆದ್ಮೇಲೆ ಮೊದಲ ಕಪ್" ಅಂತ ಎಲ್ಲರೂ ಬರೆದರು. ಸುಳ್ಳು. ಮೊದಲ ಕಪ್ ಬಂದಿದ್ದು 2024ರ ಮಾರ್ಚ್ 17ರಂದು, ದೆಹಲಿಯಲ್ಲಿ, ಹೆಣ್ಣುಮಕ್ಕಳು ತಂದಿದ್ದು. ಆ ಫೈನಲ್ಲಿನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದದ್ದು ನಮ್ಮ ಶ್ರೇಯಾಂಕಾ ಪಾಟೀಲ್. ಆ ಟೂರ್ನಿಯಲ್ಲೇ ಅತಿ ಹೆಚ್ಚು, 13 ವಿಕೆಟ್. ಕನ್ನಡದ ಹುಡುಗಿಯನ್ನ ತಂಡಕ್ಕೆ ತಗೊಂಡು, ನಂಬಿ, ಫೈನಲ್ಲಿನಲ್ಲಿ ಬಾಲು ಕೊಟ್ಟರೆ ಕಪ್ ಬರುತ್ತೆ ಅನ್ನೋದಕ್ಕೆ ಇದೇ ಆಡಳಿತದ ಕೈಯಲ್ಲೇ ಸಾಕ್ಷಿ ಇತ್ತು. ಬೇರೆ ಎಲ್ಲೂ ಹುಡುಕಬೇಕಿರಲಿಲ್ಲ.

ಇಲ್ಲೀವರೆಗಿನದು ಕ್ರಿಕೆಟ್ ಜಗಳ. ಕಾಫಿ ಕುಡೀತಾ ಆಡೋ ಜಗಳ, ನೀವು ಒಪ್ಪದಿದ್ರೂ ನಷ್ಟ ಇಲ್ಲ. ಇನ್ನು ಮುಂದಿನದು ಹಾಗಲ್ಲ.

ಪಂದ್ಯ ಮುಗಿದಾಗ ಮಂಗಳವಾರ ರಾತ್ರಿ ಹನ್ನೊಂದು ದಾಟಿತ್ತು. ಬುಧವಾರ ಬೆಳಗ್ಗೆ ಏಳು ಗಂಟೆಯಿಂದಲೇ ಆರ್‌ಸಿಬಿ ಖಾತೆಗಳಲ್ಲಿ ವಿಜಯೋತ್ಸವದ ಕರೆ. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ್ದೊಂದು ಸನ್ಮಾನ, ಚಿನ್ನಸ್ವಾಮಿಯಲ್ಲಿ ಇನ್ನೊಂದು. ಮೆರವಣಿಗೆ ಇದೆ ಅಂದ್ರು, ಇಲ್ಲ ಅಂದ್ರು, ಮತ್ತೆ ಇದೆ ಅಂದ್ರು. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ, ಜನ ಆಗಲೇ ಗೇಟಿನ ಮುಂದೆ ಕಿಕ್ಕಿರಿದಿದ್ದಾಗ, ಉಚಿತ ಪಾಸ್ ಬಗ್ಗೆ ಇನ್ನೊಂದು ಪ್ರಕಟಣೆ. ಸುಮಾರು 35 ಸಾವಿರ ಜನ ಹಿಡಿಯೋ ಮೈದಾನದ ಹತ್ತಿರ ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದರು. 11 ಜನ ಸತ್ತರು. ಐವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸತ್ತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಅದಕ್ಕಿಂತ ಚಿಕ್ಕವರೂ ಇದ್ದರು. ನಮ್ಮ ಹಾಸನ ಜಿಲ್ಲೆಯ ಮನೆಗೂ ಒಂದು ಹೆಣ ಬಂತು. ಹೊರಗೆ ಸಾವಾದ ಮೇಲೂ ಒಳಗೆ ಸ್ವಲ್ಪ ಹೊತ್ತು ಕಾರ್ಯಕ್ರಮ ನಡೆಯಿತು.

ಇದು ಅಪಘಾತ ಅನ್ನೋರಿಗೆ ನನ್ನ ಪ್ರಶ್ನೆ. ಹದಿನೆಂಟು ವರ್ಷ ಕಾದವರಿಗೆ ಭಾನುವಾರದ ತನಕ ಕಾಯೋಕೆ ಆಗ್ತಿರಲಿಲ್ವಾ? ನಾಲ್ಕು ದಿನ! "ವಿದೇಶಿ ಆಟಗಾರರು ಹೊರಟುಬಿಡ್ತಾರೆ" ಅನ್ನೋ ಕಾರಣ ನನಗೆ ಹೇಳಬೇಡಿ. ಹೊರಟರೆ ಹೊರಡಲಿ, ಕೊಹ್ಲಿ ಒಬ್ಬರೇ ಕಪ್ ಹಿಡ್ಕೊಂಡು ಬಸ್ಸಿನ ಮೇಲೆ ನಿಂತಿದ್ರೂ ಜನ ಬರ್ತಿದ್ದರು. 2024ರಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿದ್ದು ಜೂನ್ 29ಕ್ಕೆ, ಮುಂಬೈ ಮೆರವಣಿಗೆ ಜುಲೈ 4ಕ್ಕೆ. ಚಂಡಮಾರುತದಿಂದ ತಂಡ ಬಾರ್ಬಡೋಸ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು, ನಿಜ. ಆದರೆ ತಡ ಆಯ್ತು ಅಂತ ಯಾರ ಪ್ರೀತಿ ಕಮ್ಮಿ ಆಯ್ತು? ಅಲ್ಲಿ ಸಮುದ್ರದ ದಡದ ಉದ್ದನೆ ರಸ್ತೆ ಇತ್ತು, ಇಲ್ಲಿ ಕಬ್ಬನ್ ಪಾರ್ಕಿನ ಪಕ್ಕದ ಕಿರಿದಾದ ಗೇಟುಗಳು. ರಾತ್ರಿ ಇಡೀ ಊರು ಬೀದಿಯಲ್ಲಿ ಕುಣಿದಿದೆ, ಪೊಲೀಸರು ನಿದ್ದೆ ಮಾಡಿಲ್ಲ, ಅಷ್ಟರಲ್ಲೇ ಬೆಳಗ್ಗೆ ಇನ್ನೆರಡು ಕಾರ್ಯಕ್ರಮ!

ನಮ್ಮ ಜಾತ್ರೆ ಕಮಿಟಿಯ ಹಳ್ಳಿಯ ಯಜಮಾನರಿಗೂ ಇದು ಗೊತ್ತು. ಮಾಲೇಕಲ್ಲು ತಿರುಪತಿ ರಥೋತ್ಸವಕ್ಕೆ ಎಷ್ಟು ದಿನ ಮುಂಚೆ ತಯಾರಿ ಶುರುವಾಗುತ್ತೆ ಅಂತ ಕೇಳಿ ನೋಡಿ. ತೇರಿನ ಹಗ್ಗ ಯಾರು ಹಿಡೀಬೇಕು, ಚಕ್ರದ ಪಕ್ಕ ಮಕ್ಕಳು ಬರದ ಹಾಗೆ ಯಾರು ನೋಡ್ಕೋಬೇಕು, ನೀರಿನ ತೊಟ್ಟಿ ಎಲ್ಲಿಡಬೇಕು, ಎಲ್ಲಾ ಕೂತು ಮಾತಾಡ್ತಾರೆ. ಎಂಬಿಎ ಮಾಡಿದವರಲ್ಲ ಅವರು.

ಆಮೇಲಿನದು ಎಲ್ಲರಿಗೂ ಗೊತ್ತು. ಮಾರನೇ ದಿನವೇ ಸರ್ಕಾರ ಪೊಲೀಸ್ ಕಮಿಷನರನ್ನ ಅಮಾನತು ಮಾಡಿತು, ಜುಲೈನಲ್ಲಿ ವಾಪಸ್ ತಗೊಂಡಿತು. ಡರ್ಬನ್‌ನಲ್ಲಿ ಜಾನ್ಸನ್‌ಗೆ ಮಾಡಿದ್ದೇ ಇಲ್ಲೂ. ಕೆಎಸ್‌ಸಿಎ ಕಾರ್ಯದರ್ಶಿ, ಖಜಾಂಚಿ ರಾಜೀನಾಮೆ ಕೊಟ್ಟರು. ಕೇಂದ್ರ ಆಡಳಿತ ನ್ಯಾಯಮಂಡಳಿ, ಪೊಲೀಸರೇನು ದೇವರೂ ಅಲ್ಲ ಮಾಂತ್ರಿಕರೂ ಅಲ್ಲ ಅಂತ ಹೇಳಿ, ಅಷ್ಟು ಜನ ಸೇರೋದಕ್ಕೆ ಮೇಲ್ನೋಟಕ್ಕೆ ಆರ್‌ಸಿಬಿಯೇ ಹೊಣೆ ಅಂದಿತು. ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗದ ವರದಿ ಆರ್‌ಸಿಬಿ, ಕಾರ್ಯಕ್ರಮದ ವ್ಯವಸ್ಥಾಪಕರು, ಕೆಎಸ್‌ಸಿಎ, ಪೊಲೀಸರು ಎಲ್ಲರ ಕಡೆ ಬೆರಳು ತೋರಿಸಿತು. ಕೊನೇ ಮಾತು ನ್ಯಾಯಾಲಯದ್ದು, ಅದು ಹೇಳಲಿ. ನನಗೆ ಅರಗಿಸಿಕೊಳ್ಳೋಕೆ ಆಗದೇ ಇದ್ದದ್ದು ಆ ಮೌನ. ಬೆಳಗ್ಗೆ ಏಳು ಗಂಟೆಗೆ "ಬನ್ನಿ ಬನ್ನಿ" ಅಂತ ಕರೆದ ಖಾತೆಗಳು ಜೂನ್ ಮೊದಲ ವಾರದ ಸಂತಾಪದ ಮಾತು, 10 ಲಕ್ಷದ ಘೋಷಣೆ ಬಿಟ್ಟರೆ ಆಗಸ್ಟ್ 28ರ ತನಕ ಬಾಯಿ ಮುಚ್ಕೊಂಡಿದ್ದವು. ಆಗಸ್ಟ್ ಕೊನೆಯಲ್ಲಿ ಒಂದೊಂದು ಕುಟುಂಬಕ್ಕೆ 25 ಲಕ್ಷ ಅಂದರು. ದುಡ್ಡು ಕೊಟ್ಟಿದ್ದನ್ನ ನಾನು ಹೀಗಳೆಯಲ್ಲ, ಆ ಮನೆಗಳಿಗೆ ಅದು ಬೇಕಾಗಿತ್ತು. ಆದರೆ "ಮಾರನೇ ದಿನವೇ ಮಾಡೋಣ ಅಂತ ತೀರ್ಮಾನ ಮಾಡಿದ್ದು ನಾವು, ಅದರ ಹೊಣೆ ನಮ್ಮದು" ಅಂತ ಆಡಳಿತದ ಯಾರಾದರೂ ಒಬ್ಬರು ಮುಂದೆ ಬಂದು ಹೇಳಿದ್ದನ್ನ ನಾನು ಕೇಳಲಿಲ್ಲ. ಜೆಡ್ಡಾದಲ್ಲಿ ಒಂದೊಂದು ಹೆಸರಿಗೆ ಎಷ್ಟು ಲಕ್ಷ ಅಂತ ಕಂಪ್ಯೂಟರ್ ಇಟ್ಕೊಂಡು ಕೂತಿದ್ದ ತಂಡಕ್ಕೆ, ಗೇಟಿಗೆ ಎಷ್ಟು ಜನ ಅಂತ ಕೂಡೋಕೆ ಬರಲ್ಲ ಅಂದ್ರೆ ಯಾರು ನಂಬ್ತಾರೆ?

ಬೆಲೆ ತೆತ್ತಿದ್ದು ಬರೀ ಅವತ್ತಿಗೆ ಮುಗೀಲಿಲ್ಲ. 2025ರ ಮಹಿಳಾ ವಿಶ್ವಕಪ್ ಪಂದ್ಯಗಳು ಚಿನ್ನಸ್ವಾಮಿಗೆ ನಿಗದಿಯಾಗಿದ್ದವು. ಆಗಸ್ಟಿನಲ್ಲಿ ಚಿನ್ನಸ್ವಾಮಿಯ ಜಾಗಕ್ಕೆ ನವಿ ಮುಂಬೈ ಬಂತು. ನವೆಂಬರ್ 2ರಂದು ಹರ್ಮನ್‌ಪ್ರೀತ್ ಬಳಗ ಮೊದಲ ಸಲ ವಿಶ್ವಕಪ್ ಎತ್ತಿದ್ದು ಅಲ್ಲಿ. ಅರಸೀಕೆರೆಯಿಂದ ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಪಂದ್ಯ ನೋಡಬಹುದಿತ್ತು ನಾವು. ಯಾರ ಅವಸರಕ್ಕೆ ಯಾರಿಗೆ ಶಿಕ್ಷೆ ನೋಡಿ.

ಇಷ್ಟು ಬರೆದಿದ್ದಕ್ಕೆ ನನ್ನನ್ನ ಸಿಎಸ್‌ಕೆ ಏಜೆಂಟ್ ಅಂತೀರಾ? ಅನ್ನಿ. 2009ರ ಆ 6 ರನ್ ನೋಡಿ ಊಟ ಬಿಟ್ಟವನು ನಾನು, 2011ರಲ್ಲಿ ಚೆನ್ನೈನಲ್ಲಿ 58 ರನ್ನಿಗೆ ಸೋತಾಗ ಒಂದು ವಾರ ಪೇಪರ್ ಮುಟ್ಟಿರಲಿಲ್ಲ, 2016 ಆದಮೇಲೆ "ಇನ್ನು ಸಾಕು" ಅಂದು ಮುಂದಿನ ವರ್ಷ ಮತ್ತೆ ಟಿವಿ ಮುಂದೆ ಕೂತವನು. ಕೆಂಪು ಟೀ ಶರ್ಟ್ ಇನ್ನೂ ಇದೆ, ಕಾಲರ್ ಹರಿದಿದೆ, ಎದೆ ಮೇಲಿನ ಹೆಸರು ಅರ್ಧ ಅಳಿಸಿದೆ. ಅದನ್ನ ಹಾಕ್ಕೊಂಡೇ ಕೇಳ್ತಿದ್ದೀನಿ.